ಫೋನು ಕೊಟ್ಟು ಒಳಗೆ ಹೋಗಿ

ಶುಕ್ರವಾರ ಬಂತೆಂದರೆ ಆ ಮನೆಯ ಅಡುಗೆಕಟ್ಟೆಯಲ್ಲಿ ಒಂದು ಪ್ಲಗ್ಗೂ ಖಾಲಿ ಸಿಗುತ್ತಿರಲಿಲ್ಲ. ಮಿಕ್ಸಿಯ ಜಾಗದಲ್ಲಿ ಕ್ಯಾಮೆರಾದ ಬ್ಯಾಟರಿಗಳು ಚಾರ್ಜಾಗುತ್ತಿದ್ದವು, ಟೋಸ್ಟರಿನ ಜಾಗದಲ್ಲಿ ಫ್ಲ್ಯಾಶಿನವು. ಸೋಫಾದ ಹಿಂದೆ ಲೈಟ್ ಸ್ಟ್ಯಾಂಡುಗಳು ಒರಗಿರುತ್ತಿದ್ದವು. ಹಿಂದಿನ ವಾರ ಯಾರದೋ ಮದುವೆಯಲ್ಲಿ ಅರಿಶಿನ ಮೆತ್ತಿಸಿಕೊಂಡು ಬಂದ ಬಿಳಿ ಪರದೆ ಬಾತ್‌ಟಬ್ಬಿನ ಮೇಲೆ ಒಣಗುತ್ತಿತ್ತು. ನ್ಯೂಜೆರ್ಸಿಯ ಹ್ಯಾರಿಸನ್ನಿನ ರೈಲು ಸ್ಟೇಷನ್ನಿಗೆ ನಡೆದೇ ಹೋಗುವಷ್ಟು ಹತ್ತಿರದ, ಎರಡು ಬೆಡ್‌ರೂಮಿನ ಹೊಸ ಅಪಾರ್ಟ್‌ಮೆಂಟು ಅದು. ಅದರಲ್ಲಿ ನಾಲ್ಕು ಜನ, ಜೊತೆಗೆ ಫರ್ಹೀನಳ ಸಾಮಾನು.

ಫರ್ಹೀನ್ ಮದುವೆ ಫೋಟೋಗ್ರಾಫರ್. ಅವಳ ಗಂಡ ಫರಾಜ್ ಬ್ರಿಡ್ಜ್‌ವಾಟರಿನ ಔಷಧ ಕಂಪನಿಯೊಂದಕ್ಕೆ ದಿನಾ ಕಾರಿನಲ್ಲಿ ಹೋಗಿ ಬರುತ್ತಿದ್ದ. ಮಗಳು ಮೆಹವಿಶ್ ನಾಲ್ಕನೇ ಕ್ಲಾಸು. ಇನ್ನುಳಿದವರು ಫರಾಜನ ತಾಯಿ ನಾಸಿರಾ. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿ ರಿಟೈರಾದವರು. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದಿದ್ದರು. ಮನೆಯಲ್ಲಿ ಉರ್ದು, ಕನ್ನಡ, ಇಂಗ್ಲಿಷ್ ಮೂರೂ ನಡೆಯುತ್ತಿದ್ದವು. ಸಿಟ್ಟು ಬಂದಾಗ ಮಾತ್ರ ನಾಸಿರಾ ಕನ್ನಡವನ್ನೇ ಆಡುತ್ತಿದ್ದರು. ವರ್ಷಾನುಗಟ್ಟಲೆ ಕ್ಲಾಸಿನಲ್ಲಿ ಗದರಿಸಿದ ಭಾಷೆ ಅದು, ನಾಲಗೆಗೆ ಒಗ್ಗಿಹೋಗಿತ್ತು.

ಆ ಶುಕ್ರವಾರ ಕುರ್ಮಾಕ್ಕೆ ಮಸಾಲೆ ರುಬ್ಬಬೇಕಿತ್ತು. ನಾಸಿರಾ ಒಂದು ಚಾರ್ಜರನ್ನು ಕಿತ್ತು ಮಿಕ್ಸಿ ಹಾಕಿದರು, ರುಬ್ಬಿದರು, ಮತ್ತೆ ಚಾರ್ಜರ್ ಸಿಕ್ಕಿಸುವುದನ್ನು ಮರೆತರು. ಮಾರನೆಯ ದಿನ ಎಡಿಸನ್ನಿನ ಮದುವೆಯೊಂದರಲ್ಲಿ, ಸರಿಯಾಗಿ ಹುಡುಗಿಯನ್ನು ಕಳಿಸಿಕೊಡುವ ಹೊತ್ತಿಗೆ, ಫರ್ಹೀನಳ ಫ್ಲ್ಯಾಶ್ ಕೈಕೊಟ್ಟಿತು. ಅವಳ ಜೊತೆ ಎರಡನೇ ಕ್ಯಾಮೆರಾ ಹಿಡಿಯುವ ಸುಪ್ರಿಯಾ ತನ್ನದನ್ನು ಕಳಚಿ ಕೊಟ್ಟು ಹೇಗೋ ಮಾನ ಉಳಿಸಿದಳು.

ಮನೆಗೆ ಬಂದವಳೇ ಫರ್ಹೀನ್ ಬ್ಯಾಗನ್ನು ಹೆಗಲಿಂದ ಇಳಿಸುವ ಮೊದಲೇ ಕೇಳಿದಳು.

“ಅಮ್ಮಿ, ಪ್ಲಗ್ ತೆಗೆದ್ರೆ ತೆಗೀರಿ. ವಾಪಸ್ ಹಾಕ್ಬೇಕು ಅಂತ ಗೊತ್ತಾಗಲ್ವಾ?”

“ಅಡುಗೆಮನೆಯಲ್ಲಿ ಅಡುಗೆ ಮಾಡ್ತಾರೆ ಅಂತ ನಿಂಗೆ ಗೊತ್ತಾಗಲ್ವಾ?”

ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಶನಿವಾರ ಭಾನುವಾರ ಎಂದರೆ ಮನೆಮಂದಿ ಒಟ್ಟಿಗೆ ಕೂತು ಉಣ್ಣುವ ದಿನ, ಈ ಮನೆಯಲ್ಲಿ ಮಾತ್ರ ಆ ದಿನಗಳೇ ಇಲ್ಲ ಎಂದು ನಾಸಿರಾ ಹೇಳಿದರು. ಮಗುವಿನ ಈಜಿನ ಕ್ಲಾಸು ತಪ್ಪಿತು, ಊರಿನವರ ಮಕ್ಕಳ ಮದುವೆ ಮಾತ್ರ ಒಂದೂ ತಪ್ಪಲಿಲ್ಲ ಎಂದರು. ಫರ್ಹೀನ್ ತಾನು ಆಡುವುದಕ್ಕೆ ಹೋಗುತ್ತಿಲ್ಲ, ದುಡಿಯುವುದಕ್ಕೆ ಹೋಗುತ್ತಿದ್ದೇನೆ ಎಂದಳು. ಫರಾಜ್ ಬಾತ್‌ರೂಮಿಗೆ ಹೋದವನು ಬಹಳ ಹೊತ್ತು ಹೊರಬರಲಿಲ್ಲ. ಮೆಹವಿಶ್ ಹೆಡ್‌ಫೋನ್ ಹಾಕಿಕೊಂಡು, ಹಿಂದಿನ ದಿನದ ಕುರ್ಮಾ ಬಿಸಿಮಾಡಿಕೊಂಡು ಚಪಾತಿ ತಿಂದು ತಟ್ಟೆ ತೊಳೆದಿಟ್ಟಳು. ಆ ದಿನ ಆ ಮನೆಯಲ್ಲಿ ಬಿಸಿಯಾಗಿ ಊಟ ಮಾಡಿದವಳು ಅವಳೊಬ್ಬಳೇ.

ವಾರದ ದಿನಗಳಲ್ಲಿ ಫರ್ಹೀನ್ ನ್ಯೂಯಾರ್ಕಿನಲ್ಲಿ ಅಲೆಯುತ್ತಿದ್ದಳು. ಮದುವೆಗೆ ಮುಂಚಿನ ಫೋಟೋಗಳಿಗೆ ಜಾಗ ಬೇಕು, ಪ್ರತಿ ಜೋಡಿಗೂ ಹೊಸ ಜಾಗವೇ ಬೇಕು. ಹೆಗಲಿಗೆ ಕ್ಯಾಮೆರಾ ಬ್ಯಾಗು, ಕೈಯಲ್ಲಿ ಮಡಚಿದ ರಿಫ್ಲೆಕ್ಟರ್ ಹಿಡಿದು ನದಿಯಾಚೆ ನ್ಯೂಯಾರ್ಕಿಗೆ ಹೋಗುವ ಪಾಥ್ ರೈಲು ಹತ್ತಿ, ಆ ಕಡೆ ಇಳಿದು, ಯಾವ ಬೀದಿಗೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ, ಎಲ್ಲಿ ಹೊಸದಾಗಿ ರಸ್ತೆ ಅಗೆದಿದ್ದಾರೆ, ಯಾವ ಪಾರ್ಕಿನವರು ಪರ್ಮಿಟ್ ಕೇಳುತ್ತಾರೆ ಎಂದು ನೋಡಿಕೊಂಡು ಬರುತ್ತಿದ್ದಳು. ಬ್ರೂಕ್ಲಿನ್ನಿನ ಸೇತುವೆಯ ಕೆಳಗಿನ ಕಲ್ಲುಹಾಸಿನ ಬೀದಿಯನ್ನಂತೂ ಕಂಡರೆ ಅವಳಿಗೆ ರೇಗುತ್ತಿತ್ತು. ಅಲ್ಲಿ ಯಾವಾಗ ಹೋದರೂ ಮದುಮಕ್ಕಳ ಸಾಲು. ಒಬ್ಬರ ಫೋಟೋದಲ್ಲಿ ಇನ್ನೊಬ್ಬರ ಲಂಗ.

ಆದರೂ ಎಲ್ಲರಿಗೂ ಅದೇ ಬೀದಿ ಬೇಕು. ಸಮರ್‌ಸೆಟ್ಟಿನ ರುಮಾನಾ ಕೂಡ ಅದನ್ನೇ ಕೇಳಿದ್ದಳು. ರುಮಾನಾ ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ ಡಾಕ್ಟರು. ತಂದೆತಾಯಿ ಬೆಂಗಳೂರಿನವರು. ಕಾಲೇಜಿನಲ್ಲಿದ್ದಾಗ ತಾನಾಗಿಯೇ ತಲೆಗೆ ಹಿಜಾಬ್ ಸುತ್ತಲು ಶುರುಮಾಡಿದ್ದಳು. ಅವಳ ತಾಯಿ ಶಾಹಿದಾ ಇಂದಿಗೂ ಸುತ್ತುವುದಿಲ್ಲ. ಅಲ್ಲಿ ಫೋಟೋ ತೆಗೆದ ದಿನ ಮದುಮಗನನ್ನು ಕಾಫಿ ತರಲು ಕಳಿಸಿ, ನದಿಯ ದಂಡೆಯ ಗಾಳಿಗೆ ಪಿನ್ನು ಸರಿಮಾಡಿಕೊಳ್ಳುತ್ತಾ ರುಮಾನಾ ಫರ್ಹೀನಳ ಹತ್ತಿರ ಒಂದು ಮಾತು ಹೇಳಿದಳು.

“ಫರ್ಹೀನ್ ಅಪಾ, ಮೆಹಂದಿ ದಿನ ಲೇಡೀಸ್ ಮಾತ್ರ. ನಾನು ಕೂದ್ಲು ಬಿಟ್ಕೊಂಡು ಡ್ಯಾನ್ಸ್ ಮಾಡ್ಬೇಕು. ಅದ್ರ ಫೋಟೋಸ್ ನಂಗೆ ಬೇಕು, ಆದ್ರೆ ನಂಗೆ ಮಾತ್ರ. ವೆಬ್‌ಸೈಟ್ ಬೇಡ, ಇನ್‌ಸ್ಟಾಗ್ರಾಮ್ ಬೇಡ, ಯಾರ ಕೈಗೂ ಹೋಗ್ಬಾರ್ದು. ಪ್ರಾಮಿಸ್?”

“ಪ್ರಾಮಿಸ್. ನಾನು, ಸುಪ್ರಿಯಾ, ಆಮೇಲೆ ನೀನು. ಬೇರೆ ಯಾರೂ ನೋಡಲ್ಲ.”

ಫರ್ಹೀನಳ ಕಸುಬು ನಿಂತಿದ್ದೇ ಈ ಮಾತಿನ ಮೇಲೆ. ಹೆಂಗಸರೇ ಸೇರುವ ಸಮಾರಂಭಗಳಿಗೆ ಹೆಂಗಸರೇ ಬಂದು ಫೋಟೋ ತೆಗೆದುಕೊಡುತ್ತಾರೆ, ಚಿತ್ರ ಹೊರಗೆ ಹೋಗುವುದಿಲ್ಲ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿ ಅವಳ ಕೆಲಸ ಬೆಳೆದಿತ್ತು.

ಮೆಹಂದಿ ರುಮಾನಾಳ ಮನೆಯ ಬೇಸ್‌ಮೆಂಟಿನಲ್ಲೇ ನಡೆಯಿತು. ಗಂಡಸರನ್ನು ಮೇಲಿನ ಮಹಡಿಯಲ್ಲಿ ಕೂರಿಸಿದ್ದರು. ಕೈತುಂಬ ಹಸಿ ಮೆಹಂದಿ, ಯಾವುದನ್ನೂ ಮುಟ್ಟುವ ಹಾಗಿಲ್ಲ. ಕುಣಿಯುವಾಗ ಕೂದಲೆಲ್ಲ ಮುಖದ ಮೇಲೆ ಬಿದ್ದು, ಗೆಳತಿಯೊಬ್ಬಳು ಅದನ್ನು ಬಾಯಿಂದ ಊದಿ ಸರಿಸಲು ನೋಡಿದಳು. ರುಮಾನಾ ಎರಡೂ ಕೈ ಮೇಲೆತ್ತಿ ನಕ್ಕಳು. ಫರ್ಹೀನ್ ಅದನ್ನು ಹಿಡಿದಳು. ಆ ವರ್ಷದ ತನ್ನ ಅತಿ ಒಳ್ಳೆಯ ಚಿತ್ರ ಅದೇ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು. ರುಮಾನಾ ಈಗಲೇ ನೋಡಬೇಕು ಎಂದು ಹಟ ಹಿಡಿದಾಗ, ನಾಲ್ಕಾರು ಚಿತ್ರಗಳನ್ನು ಕ್ಯಾಮೆರಾದಿಂದ ತನ್ನ ಫೋನಿಗೆ ಇಳಿಸಿಕೊಂಡು ತೋರಿಸಿದಳು.

ಫೋನಿಗೆ ಇಳಿದ ಚಿತ್ರ ಫೋನಿನಲ್ಲೇ ಉಳಿಯಲಿಲ್ಲ. ಫರ್ಹೀನಳ ಹಳೆಯ ಟ್ಯಾಬ್ಲೆಟ್ಟನ್ನು ಧಾರಾವಾಹಿ ನೋಡಲೆಂದು ನಾಸಿರಾಗೆ ಕೊಟ್ಟಿದ್ದರು. ಅದರಲ್ಲಿ ಇನ್ನೂ ಫರ್ಹೀನಳ ಅಕೌಂಟೇ ಇತ್ತು. ಅವಳ ಫೋನಿನ ಫೋಟೋಗಳೆಲ್ಲ ತಾವಾಗಿಯೇ ಅದಕ್ಕೂ ಬಂದು ಕೂರುತ್ತಿದ್ದವು. ಇದು ಫರ್ಹೀನಳಿಗೆ ಗೊತ್ತಿತ್ತು, ಗೊತ್ತಿದ್ದೂ ನೆನಪಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೈಸೂರಿನಿಂದ ನಾಸಿರಾರ ತಂಗಿ ಶಮೀಮ್ ವಿಡಿಯೋ ಕಾಲ್ ಮಾಡಿದರು. ಅವರಿಬ್ಬರೂ ಒಂದು ದಿನವೂ ತಪ್ಪದೆ ಮಾತಾಡುತ್ತಿದ್ದರು, ಆಡಿದಷ್ಟೂ ಒಬ್ಬರನ್ನೊಬ್ಬರು ಚುಚ್ಚುತ್ತಿದ್ದರು. ಶಮೀಮರ ಮಗ ಎರಡನೇ ಕ್ಲಿನಿಕ್ಕು ತೆರೆದ ಸುದ್ದಿ ಆಯಿತು. ಸೊಸೆ ಪಿಎಚ್‌ಡಿ ಮುಗಿಸಿದ್ದಾಯಿತು. ಕೊನೆಗೆ, ನಿನ್ನ ಸೊಸೆ ಇನ್ನೂ ಕ್ಯಾಮೆರಾ ಹಿಡ್ಕೊಂಡು ಮದುಮಕ್ಕಳ ಹಿಂದೆ ಓಡ್ತಾಳಾ, ನಮ್ಮಲ್ಲಿ ಅದಕ್ಕೆಲ್ಲ ಸ್ಟುಡಿಯೋ ಹುಡುಗರಿಗೆ ಹೇಳ್ತೀವಪ್ಪ ಎಂದು ಶಮೀಮ್ ನಕ್ಕರು.

ನಾಸಿರಾ ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಫೋನಿಟ್ಟರು. ಮನಸ್ಸು ಬೇರೆ ಕಡೆ ಹೋಗಲೆಂದು ಟ್ಯಾಬ್ಲೆಟ್ ತೆರೆದರೆ ಎದುರಿಗೇ ಆ ಚಿತ್ರ ಬಂತು. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಅಡುಗೆಕಟ್ಟೆಯ ಮೇಲೆ ಒರಗಿಸಿ, ತಮ್ಮ ಫೋನಿನಿಂದ ಅದರದೊಂದು ಫೋಟೋ ತೆಗೆದರು. ಸೊಟ್ಟಗೆ ಬಂತು. ಅದನ್ನೇ ಶಮೀಮ್‌ಗೆ ಕಳಿಸಿ ಕೆಳಗೆ ಬರೆದರು: ‘ನನ್ನ ಸೊಸೆ ತೆಗೆದದ್ದು. ನಿಮ್ಮ ಸ್ಟುಡಿಯೋ ಹುಡುಗರ ಕೈಲಿ ಇಂಥದ್ದೊಂದು ತೆಗೆಸಿ ತೋರಿಸು.’

ಫರ್ಹೀನಳಿಗೆ ಮಾತ್ರ ಅವರು ಏನೂ ಹೇಳಲಿಲ್ಲ. ಮಧ್ಯಾಹ್ನ ಅವಳು ಎದ್ದು ಬಂದಾಗ, ಬಾತ್‌ಟಬ್ಬಿನ ಮೇಲಿನ ಪರದೆ ಯಾವಾಗ ತೆಗೀತೀಯ, ಸ್ನಾನ ಮಾಡೋದು ಬೇಡವಾ ಎಂದು ಕೇಳಿದರು.

ನಿಕಾಹ್ ಚೆನ್ನಾಗಿ ನಡೆಯಿತು. ಗಂಡಿನ ಕಡೆಯ ವಲೀಮಾ ಊಟ ಎರಡು ವಾರದ ನಂತರದ ಭಾನುವಾರಕ್ಕೆ ಇತ್ತು. ಈ ನಡುವೆ ಒಂದು ದಿನ ಫರ್ಹೀನ್ ಜಾಗ ನೋಡಿಕೊಂಡು ಪಾಥ್ ರೈಲಿನಲ್ಲಿ ಮರಳುತ್ತಿದ್ದಾಗ ರುಮಾನಾಳಿಂದ ಒಂದು ಚಿತ್ರ ಬಂತು. ಕೆಳಗೆ ಒಂದೇ ಪದ: ‘ಹೌ?’

ಫರ್ಹೀನ್ ಚಿತ್ರವನ್ನು ದೊಡ್ಡದು ಮಾಡಿದಳು. ನಡುವೆ ನಗುತ್ತಿರುವ ರುಮಾನಾ. ಸುತ್ತ ಟ್ಯಾಬ್ಲೆಟ್ಟಿನ ಕಪ್ಪು ಅಂಚು. ಅದರಾಚೆ ಒಂದು ಮೂಲೆಯಲ್ಲಿ ಇಡ್ಲಿ ಹಿಟ್ಟಿನ ಪಾತ್ರೆ, ಅದರ ಪಕ್ಕದಲ್ಲಿ ತನ್ನದೇ ಬ್ಯಾಟರಿ ಚಾರ್ಜರ್. ಅದು ಅವಳ ಅಡುಗೆಮನೆ. ರೈಲು ಹ್ಯಾರಿಸನ್ನಿಗೆ ಬಂದು ನಿಂತರೂ ಅವಳು ಏಳಲಿಲ್ಲ. ಕೊನೆಯ ಸ್ಟೇಷನ್ನಾದ ನ್ಯೂವಾರ್ಕಿಗೆ ಹೋಗಿ, ಅದೇ ರೈಲಿನಲ್ಲಿ ವಾಪಸ್ ಬಂದಳು.

ಮನೆಗೆ ಬಂದಾಗ ನಾಸಿರಾ ಬೀನ್ಸ್ ಬಿಡಿಸುತ್ತಿದ್ದರು. ಫರ್ಹೀನ್ ಫೋನನ್ನು ಅವರ ಮುಂದೆ ಹಿಡಿದಳು.

“ಅಮ್ಮಿ, ಇದು ನೀವು ತೆಗೆದಿದ್ದಾ?”

ನಾಸಿರಾ ಕನ್ನಡಕ ಹಾಕಿಕೊಂಡು ನೋಡಿ, ಹೌದೆಂದರು. ಶಮೀಮ್‌ಗೆ ಕಳಿಸಿದ್ದೆ, ನಿನಗೆ ಯಾರು ಕಳಿಸಿದರು ಎಂದು ಸ್ವಲ್ಪ ಖುಷಿಯಿಂದಲೇ ಕೇಳಿದರು.

“ಮದುಮಗಳು ಕಳಿಸಿದಳು. ಅವಳ ಗಂಡನ ಮನೆ ಗ್ರೂಪಲ್ಲಿ ಬಂದಿದೆ. ಆ ಗ್ರೂಪಲ್ಲಿ ಅವನ ಅಣ್ಣತಮ್ಮಂದಿರು, ಭಾವಂದಿರು ಎಲ್ಲ ಇದ್ದಾರೆ.”

“ನಾನು ಮನೆಯೋರಿಗೆ ತಾನೆ ಕಳಿಸಿದ್ದು. ಶಮೀಮ್ ಏನು ಹೊರಗಿನೋಳಾ?”

“ನಿಮಗೆ ತಂಗಿ. ರುಮಾನಾಗೆ ಏನಾಗ್ಬೇಕು?”

ನಾಸಿರಾ ಬೀನ್ಸ್ ತಟ್ಟೆ ಪಕ್ಕಕ್ಕಿಟ್ಟರು. ಶಮೀಮ್ ಅದನ್ನು ತನ್ನ ಗೆಳತಿಯರಿಗೆ ಮೆಹಂದಿಯ ಚಿತ್ತಾರ ನೋಡಿ ಎಂದು ಕಳಿಸಿದ್ದರು. ಅಲ್ಲಿಂದ ಅದು ಮೈಸೂರಿನಲ್ಲೇ ಇದ್ದ ಮದುಮಗನ ಸೋದರತ್ತೆಗೆ ಸಿಕ್ಕಿತ್ತು. ಅವರು ಗುರುತು ಹಿಡಿದು, ನಮ್ಮ ಹೊಸ ಸೊಸೆ ಎಂದು ಮನೆಯವರ ಗ್ರೂಪಿಗೆ ಹಾಕಿದ್ದರು. ಯಾರೂ ಕೆಟ್ಟದ್ದನ್ನು ಎಣಿಸಿರಲಿಲ್ಲ. ಆದರೆ ಚಿತ್ರ ಎಲ್ಲ ಕಡೆ ಹೋಗಿತ್ತು.

“ಹೊಗಳೋಕೆ ಕಳಿಸಿದೆ ಕಣೇ. ಅವಳು ನಿನ್ನ ಬಗ್ಗೆ ಹಗುರವಾಗಿ ಮಾತಾಡಿದ್ಲು.”

“ಮೂರು ಹೊತ್ತೂ ನನ್ನ ಕೆಲಸಾನ ಬೈತೀರಿ. ಹೊಗಳಿಕೆ ಮೈಸೂರಿಗೆ ಮಾತ್ರಾನಾ?”

ನಾಸಿರಾ ಬೀನ್ಸ್ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು. ಅಷ್ಟರಲ್ಲಿ ಆಫೀಸಿನಿಂದ ಬಂದ ಫರಾಜ್ ಶೂ ಬಿಚ್ಚುತ್ತಲೇ ಸಂಗತಿ ಕೇಳಿ, ಎಲ್ಲರಿಗೂ ಡಿಲೀಟ್ ಮಾಡಲು ಹೇಳಿದರಾಯಿತು, ಇದಕ್ಕೆ ಇಷ್ಟು ಯಾಕೆ ಎಂದ. ಇಬ್ಬರೂ ಒಟ್ಟಿಗೆ ಅವನ ಮೇಲೆ ಬಿದ್ದರು. ಹೆಂಡತಿ, ನಿನ್ನ ಕಂಪನಿಯ ಗುಟ್ಟು ಯಾರಾದರೂ ಹೊರಗೆ ಹಾಕಿದರೆ ಹೀಗೇ ಹೇಳುತ್ತೀಯಾ ಎಂದಳು. ತಾಯಿ, ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಬೇಡ ಎಂದರು. ಫರಾಜ್ ಮತ್ತೆ ಶೂ ಹಾಕಿಕೊಂಡು, ಹಾಲು ತರುತ್ತೇನೆಂದು ಹೊರಟ. ಫ್ರಿಜ್ಜಿನಲ್ಲಿ ಹಾಲಿತ್ತು. ಬೀನ್ಸ್ ಆ ದಿನ ಪಲ್ಯ ಆಗಲಿಲ್ಲ.

ಮೆಹವಿಶ್ ಟ್ಯಾಬ್ಲೆಟ್ ಕೇಳಿ ತೆಗೆದುಕೊಂಡು, ಅಮ್ಮನ ಅಕೌಂಟನ್ನು ಅದರಿಂದ ಅಳಿಸಿ, ಅಜ್ಜಿಯ ಹೆಸರಿನಲ್ಲಿ ಹೊಸದೊಂದು ಮಾಡಿಕೊಟ್ಟಳು. “ಇಟ್ಸ್ ನಾಟ್ ಯುವರ್ ಫಾಲ್ಟ್, ದಾದಿ,” ಎಂದಳು. ಸ್ವಲ್ಪ ಯೋಚಿಸಿ, “ವೆಲ್, ಹಾಫ್,” ಎಂದು ಸೇರಿಸಿದಳು.

ನಾಸಿರಾ ಮಾರನೆಯ ದಿನದಿಂದ ಫೋನು ಹಿಡಿದು ಕೂತರು. ಮೊದಲು ಶಮೀಮ್, ಆಮೇಲೆ ಶಮೀಮರ ಒಬ್ಬೊಬ್ಬ ಗೆಳತಿ. ಪರೀಕ್ಷೆಯ ಉತ್ತರ ಪತ್ರಿಕೆ ವಾಪಸ್ ಕೇಳುವ ಮೇಡಂ ಹಾಗೆ ಒಬ್ಬೊಬ್ಬರನ್ನೂ ಹಿಡಿದು, ಚಿತ್ರ ಅಳಿಸಿದ್ದೀರಾ, ಯಾರಿಗೆ ಕಳಿಸಿದ್ದಿರಿ, ಅವರ ನಂಬರ್ ಕೊಡಿ ಎಂದು ಕೇಳಿದರು. ಕೆಲವರು ಆಯಿತು ಎಂದರು, ಕೆಲವರು ನಕ್ಕರು. ಶಮೀಮ್‌ಗೆ ಮಾತ್ರ ಇದು ಬಹಳ ಕೆಟ್ಟದೆನಿಸಿತು. ನನ್ನ ಗೆಳತಿಯರ ಮುಂದೆ ನನ್ನನ್ನೇ ಕಳ್ಳಿಯ ಹಾಗೆ ನಿಲ್ಲಿಸಿದೆ ಎಂದರು. ಫೋಟೋ ಕಳಿಸಿದವಳು ನೀನು, ಈಗ ಊರಿನವರನ್ನೆಲ್ಲ ತನಿಖೆ ಮಾಡುವವಳೂ ನೀನೇನಾ ಎಂದು ಕೇಳಿ ಫೋನಿಟ್ಟರು. ಮರುದಿನ ಬೆಳಿಗ್ಗೆ ಕಾಲ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಸಿರಾ ಆ ಹೊತ್ತಿಗೆ ಫೋನನ್ನು ಎದುರಿಗಿಟ್ಟುಕೊಂಡು ಚಹಾ ಕುಡಿಯುತ್ತಿದ್ದರು, ಚಹಾ ಮುಗಿದ ಮೇಲೂ ಅಲ್ಲೇ ಇರುತ್ತಿದ್ದರು.

ರುಮಾನಾ ಫೋನು ತೆಗೆಯುತ್ತಿರಲಿಲ್ಲ. ಕಡೆಗೆ ಅವಳ ತಾಯಿ ಶಾಹಿದಾ ತೆಗೆದು, ಮನೆಗೆ ಬಂದು ಮಾತಾಡಿ ಎಂದರು. ನಾಸಿರಾ ತಾನೂ ಬರುತ್ತೇನೆಂದರು. ಫರ್ಹೀನ್ ಬೇಡವೆಂದಳು. ಅಷ್ಟು ಹೊತ್ತಿಗೆ ನಾಸಿರಾ ಬೂದುಗುಂಬಳ ತುರಿದು ದಮ್‌ರೋಟಿಗೆ ಇಟ್ಟಾಗಿತ್ತು.

“ಸ್ವೀಟ್ ತಗೊಂಡು ಹೋದ್ರೆ ಲಂಚ ಕೊಟ್ಟ ಹಾಗಿರುತ್ತೆ ಅಮ್ಮಿ.”

“ಬರಿಗೈಲಿ ಹೋದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗಿರುತ್ತೆ.”

ಕಡೆಗೆ ಇಬ್ಬರೂ ಕಾರಿನಲ್ಲಿ ಸಮರ್‌ಸೆಟ್ಟಿಗೆ ಹೊರಟರು. ದಮ್‌ರೋಟಿನ ಡಬ್ಬಿ ನಾಸಿರಾರ ತೊಡೆಯ ಮೇಲಿತ್ತು. ಶಾಹಿದಾ ಅದನ್ನು ಇಸಿದುಕೊಂಡು ಒಳಗೆ ಇಟ್ಟರು, ಬಿಚ್ಚಲಿಲ್ಲ. ರುಮಾನಾ ಡ್ಯೂಟಿ ಮುಗಿಸಿ ಬಂದಿದ್ದಳು, ಕಣ್ಣು ಕೆಂಪಾಗಿದ್ದವು. ನಾಸಿರಾ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಹೇಳಿದರು. ತಪ್ಪು ನನ್ನದು, ನನ್ನ ಸೊಸೆಗೆ ಏನೂ ಗೊತ್ತಿರಲಿಲ್ಲ, ಬೈಯುವುದಿದ್ದರೆ ನನ್ನನ್ನು ಬೈ ಎಂದರು.

“ಆಂಟಿ, ನಿಮ್ಮ ಮೇಲೆ ನಂಗೆ ಕೋಪ ಇಲ್ಲ,” ಎಂದಳು ರುಮಾನಾ. “ನೀವು ನಂಗೆ ಪ್ರಾಮಿಸ್ ಮಾಡಿರ್ಲಿಲ್ಲ. ಇವ್ರು ಮಾಡಿದ್ರು.”

ಅಕ್ಕ ಎಂಬಂತೆ ಅಪಾ ಎನ್ನುತ್ತಿದ್ದವಳು ಈಗ ‘ಇವ್ರು’ ಎಂದಿದ್ದು ಫರ್ಹೀನಳಿಗೆ ಕೇಳಿಸಿತು. ಅವಳು ಒಪ್ಪಿಕೊಂಡಳು. ಟ್ಯಾಬ್ಲೆಟ್ಟಿನ ವಿಷಯ ಹೇಳಿದಳು, ಅದು ನೆಪವಲ್ಲ, ತನ್ನ ಅಜಾಗರೂಕತೆ ಎಂದಳು. ವಲೀಮಾಕ್ಕೆ ಬೇರೆ ಯಾರನ್ನಾದರೂ ಕರೆಸಿಕೊಂಡರೆ ತಾನೇನೂ ಅಂದುಕೊಳ್ಳುವುದಿಲ್ಲ ಎಂದಳು.

ರುಮಾನಾ ನಡೆದದ್ದನ್ನು ಹೇಳಿದಳು. ಗಂಡನ ಭಾವ ಒಬ್ಬ ಊಟದ ಟೇಬಲ್ಲಿನಲ್ಲಿ, ಫೋಟೋದಲ್ಲಿ ನಿಮ್ಮ ಕೂದಲು ತುಂಬ ಚೆನ್ನಾಗಿದೆ ಎಂದನಂತೆ. ಒಳ್ಳೆಯ ಮಾತೇ. ತಾನು ತಟ್ಟೆ ಬಿಟ್ಟು ಎದ್ದು ಹೋದೆ ಎಂದಳು. ಬೇರೆ ಫೋಟೋಗ್ರಾಫರ್ ಈಗ ಸಿಗುವುದಿಲ್ಲ, ಸಿಕ್ಕರೂ ಗಂಡಸರು ಸಿಗುತ್ತಾರೆ. ಅತ್ತೆಯನ್ನು ಕೇಳಿ ವಲೀಮಾದ ದಿನ ಹೆಂಗಸರ ಕಡೆಗೆ ಬೇರೆ ಹಾಲ್ ಮಾಡಿಸಿದ್ದಾಳೆ. ಅಲ್ಲಿ ಯಾರ ಫೋನೂ ಒಳಗೆ ಬರಬಾರದು, ಬಾಗಿಲಲ್ಲೇ ಇಸಿದುಕೊಳ್ಳಬೇಕು.

“ನಾನು ಕೇಳಿದ್ರೆ ಆಂಟಿಯರು ಕೊಡಲ್ಲ, ನಗ್ತಾರೆ. ಯಾಕೆ ಕೊಡ್ಬೇಕು ಅಂತ ಯಾರಾದ್ರೂ ಹೇಳ್ಬೇಕು. ನಾಸಿರಾ ಆಂಟಿ, ನೀವು ಕೂತ್ಕೋತೀರಾ?”

ನಾಸಿರಾರ ಮುಖ ಬಿಳಿಚಿಕೊಂಡಿತು. ಯೋಚಿಸಿ ಹೇಳುತ್ತೇನೆ ಎಂದಷ್ಟೇ ಅಂದು ಎದ್ದರು.

ಆ ವಾರ ಮನೆಯಲ್ಲಿ ಮಾತುಗಳೆಲ್ಲ ಅಡ್ಡಾದಿಡ್ಡಿ ನಡೆದವು. ಫರಾಜ್ ಮೊದಲ ಸಲ ದನಿ ಎತ್ತಿದ. ನಮ್ಮಮ್ಮನ ಕೈಯಲ್ಲಿ ಕಲಿತವರು ಈ ನ್ಯೂಜೆರ್ಸಿಯಲ್ಲೇ ಎಷ್ಟು ಜನ ಇದ್ದಾರೆ, ಅವರೆದುರಿಗೆ ವಾಚ್‌ಮನ್ ಹಾಗೆ ಬಾಗಿಲಲ್ಲಿ ಕೂರಿಸುತ್ತೀಯಾ ಎಂದು ಹೆಂಡತಿಯನ್ನು ಕೇಳಿದ. ನಾನು ಕೂರಿಸುತ್ತಿಲ್ಲ, ಬೇಡ ಎಂದು ರುಮಾನಾಗೆ ನಾನೇ ಹೇಳುತ್ತೇನೆ ಎಂದಳು ಫರ್ಹೀನ್. ಹಾಗಾದರೆ ಯಾಕೆ ಇನ್ನೂ ಹೇಳಿಲ್ಲ ಎಂದ ಅವನು. ಸುಪ್ರಿಯಾ ಫೋನು ಮಾಡಿ, ಮುಂದಿನ ತಿಂಗಳಿಗೆ ಕೇಳಿದ್ದ ಇಬ್ಬರು ಮದುಮಕ್ಕಳ ಮನೆಯವರು ಈಗ ಮೆಸೇಜಿಗೇ ಉತ್ತರ ಕೊಡುತ್ತಿಲ್ಲ ಎಂದಳು. ಫರ್ಹೀನ್ ಸ್ಪೀಕರಿನಲ್ಲಿ ಹಾಕಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಸುದ್ದಿ ನಮಗಿಂತ ಮುಂಚೆ ಓಡಿದೆ ಎಂದು ಸುಪ್ರಿಯಾ ಹೇಳಿದ್ದು ನಾಸಿರಾಗೂ ಕೇಳಿಸಿತು. ಅವರು ಒರೆಸುತ್ತಿದ್ದ ಲೋಟವನ್ನೇ ಮತ್ತೆ ಮತ್ತೆ ಒರೆಸಿದರು.

ಶುಕ್ರವಾರ ಎಂದಿನಂತೆ ಬ್ಯಾಟರಿಗಳು ಕಟ್ಟೆಗೆ ಬಂದವು. ನಾಸಿರಾ ಆ ದಿನ ಮಿಕ್ಸಿ ಬೇಡದ ಅಡುಗೆ ಮಾಡಿದ್ದರು, ಬರಿ ಖಿಚಡಿ. ಊಟಕ್ಕೆ ಕೂತಾಗ ಯಾರ ಮುಖವನ್ನೂ ನೋಡದೆ, “ಭಾನುವಾರ ಎಷ್ಟು ಹೊತ್ತಿಗೆ ಹೊರಡ್ಬೇಕು?” ಎಂದರು.

“ಅಮ್ಮಿ, ನೀವು ಬರ್ಬೇಕು ಅಂತೇನಿಲ್ಲ,” ಎಂದಳು ಫರ್ಹೀನ್.

“ಹೊತ್ತು ಕೇಳಿದೆ. ಬರ್ಬೇಕಾ ಅಂತ ಕೇಳ್ಲಿಲ್ಲ.”

ಫರಾಜ್ ಏನೋ ಹೇಳಲು ಬಾಯಿ ತೆರೆದ. ನಾಸಿರಾ ಅವನ ತಟ್ಟೆಗೆ ಇನ್ನೊಂದು ಸೌಟು ಖಿಚಡಿ ಹಾಕಿದರು.

ವಲೀಮಾ ಬ್ರಿಡ್ಜ್‌ವಾಟರಿನ ಹೋಟೆಲೊಂದರಲ್ಲಿ, ಮಧ್ಯಾಹ್ನದ ಊಟಕ್ಕೆ. ಹೆಂಗಸರ ಹಾಲ್‌ನ ಬಾಗಿಲ ಹೊರಗೆ ಒಂದು ಮೇಜು, ಒಂದು ಸ್ಟೂಲು ಹಾಕಿದ್ದರು. ಮೇಜಿನ ಮೇಲೆ ನಂಬರಿನ ಚೀಟಿ ಅಂಟಿಸಿದ ಬಟ್ಟೆಯ ಚೀಲಗಳು. ನಾಸಿರಾ ಒಳ್ಳೆಯ ಹಸಿರು ರೇಷ್ಮೆ ಸೀರೆ ಉಟ್ಟು, ಸೆರಗು ತಲೆಯ ಮೇಲೆ ಹೊದ್ದು, ಮೊದಲು ತಮ್ಮ ಫೋನನ್ನೇ ಒಂದು ಚೀಲಕ್ಕೆ ಹಾಕಿ ಕೂತರು.

ಮೊದಮೊದಲು ಬಂದವರು ಚಿಕ್ಕ ವಯಸ್ಸಿನವರು, ಸುಮ್ಮನೆ ಕೊಟ್ಟು ಹೋದರು. ಆಮೇಲೆ ಶುರುವಾಯಿತು. ಒಬ್ಬರಿಗೆ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವಳ ಕಾಲ್ ಬರಬೇಕಿತ್ತು. ಒಬ್ಬರು ತಾವು ಫೋಟೋ ತೆಗೆಯುವುದೇ ಇಲ್ಲ ಎಂದು ಆಣೆ ಹಾಕಿದರು. ಇನ್ನೊಬ್ಬರ ಸಕ್ಕರೆ ಕಾಯಿಲೆಯ ಲೆಕ್ಕ ಫೋನಿನಲ್ಲೇ ಬರುತ್ತಿತ್ತು, ಅದಿಲ್ಲದೆ ಅವರು ಊಟ ಮಾಡುವ ಹಾಗಿರಲಿಲ್ಲ. ನಾಸಿರಾ ಒಳಗಿನಿಂದ ಸುಪ್ರಿಯಾಳನ್ನು ಕರೆದು, ಲೈಟಿನ ವೈರುಗಳಿಗೆ ಅಂಟಿಸುವ ಕಪ್ಪು ಟೇಪು ತರಿಸಿ, ಆ ಫೋನಿನ ಹಿಂದೆ ಮುಂದೆ ಕ್ಯಾಮೆರಾದ ಕಣ್ಣಿಗೆ ಅಂಟಿಸಿ ಒಳಗೆ ಬಿಟ್ಟರು. ಸಾಲು ಬೆಳೆಯಿತು. ಹಿಂದಿದ್ದವರು ಗೊಣಗತೊಡಗಿದರು. ಏರ್‌ಪೋರ್ಟಿನಲ್ಲೂ ಇಷ್ಟು ತಪಾಸಣೆ ಇರುವುದಿಲ್ಲ ಎಂದು ಯಾರೋ ಅಂದದ್ದಕ್ಕೆ ಎಲ್ಲ ನಕ್ಕರು. ಗದ್ದಲ ಕೇಳಿ ಫರ್ಹೀನ್ ಕ್ಯಾಮೆರಾ ಹಿಡಿದೇ ಬಾಗಿಲಿಗೆ ಬಂದಳು.

ಮೇಜಿನ ಮುಂದೆ ಕಂದುಬಣ್ಣದ ಶಾಲು ಹೊದ್ದ ಹಿರಿಯರೊಬ್ಬರು ನಿಂತಿದ್ದರು. ವಲೀಮಾಕ್ಕೆಂದು ಆ ವಾರವಷ್ಟೇ ಮೈಸೂರಿನಿಂದ ಬಂದಿದ್ದ, ಚಿತ್ರವನ್ನು ಗ್ರೂಪಿಗೆ ಹಾಕಿದ್ದ ಮದುಮಗನ ಸೋದರತ್ತೆ. ಅವರು ಫೋನನ್ನು ಎದೆಗೊತ್ತಿ ಹಿಡಿದಿದ್ದರು.

“ನಾನು ಹುಡುಗನ ಸೋದರತ್ತೆ. ನನ್ನ ಹತ್ರಾನೂ ಕೇಳ್ತೀರಾ? ಯಾರು ನೀವು?”

ಫರ್ಹೀನ್ ಮುಂದೆ ಬಂದು ಮಾತಾಡಲು ಹೋದಳು. ನಾಸಿರಾ ಕೈ ಅಡ್ಡ ಹಿಡಿದು ತಾವೇ ಎದ್ದು ನಿಂತರು. ಹಿಂದಿನ ಬೆಂಚಿಗೂ ಕೇಳಿಸುವ ದನಿ ಅವರದು.

“ನಾನು ಈ ಫೋಟೋ ತೆಗೆಯೋಳ ಅತ್ತೆ. ಮೆಹಂದಿ ದಿನದ ಚಿತ್ರ ಒಂದನ್ನ ಯಾರನ್ನೂ ಕೇಳದೆ ಮೈಸೂರಿಗೆ ಕಳಿಸಿದೋಳು ನಾನು. ನಮ್ಮ ತಂಗಿ ಇನ್ನೊಬ್ಬರಿಗೆ ಕಳಿಸಿದ್ಲು, ಅವರು ಮತ್ತೊಬ್ಬರಿಗೆ. ಎಲ್ಲರೂ ಪ್ರೀತಿಯಿಂದಲೇ ಕಳಿಸಿದ್ದು. ಹುಡುಗಿ ತನ್ನ ಊಟದ ತಟ್ಟೆ ಬಿಟ್ಟು ಎದ್ದು ಹೋಗೋ ಹಾಗಾಯ್ತು. ನನ್ನ ಸೊಸೆ ಮಾತು ಸುಳ್ಳಾಯ್ತು. ಫೋನು ಕೊಟ್ಟು ಒಳಗೆ ಹೋಗಿ.”

ಸೋದರತ್ತೆ ಆ ಕಡೆ ಈ ಕಡೆ ನೋಡಿದರು. ಅವರ ಮುಖ ಮೊದಲು ಬಿಗಿಯಿತು, ಆಮೇಲೆ ಕೆಂಪಾಯಿತು. ಫೋನನ್ನು ಮೇಜಿನ ಮೇಲಿಟ್ಟು, ಚೀಟಿಯನ್ನೂ ತೆಗೆದುಕೊಳ್ಳದೆ ಒಳಗೆ ಹೋದರು. ನಾಸಿರಾ ಆ ಚೀಟಿಯನ್ನು ಸುಪ್ರಿಯಾಳ ಕೈಲಿ ಕಳಿಸಿಕೊಟ್ಟರು. ಅವರ ಹಿಂದಿದ್ದವರು ಕೇಳುವ ಮೊದಲೇ ಕೊಡತೊಡಗಿದರು.

ಮದುಮಗಳು ಕೊನೆಗೆ ಬಂದಳು. ವೇದಿಕೆ ಹತ್ತಿದರೂ ಮೇಲುಹೊದಿಕೆ ತೆಗೆಯದೆ ಬಾಗಿಲ ಕಡೆಗೇ ನೋಡುತ್ತಾ ನಿಂತಳು. ನಾಸಿರಾ ಹೊರಗಿನಿಂದ ಎರಡೂ ಬಾಗಿಲು ಎಳೆದು ಹಾಕಿದರು. ಆಗ ರುಮಾನಾ ಹೊದಿಕೆ ತೆಗೆದು ತಾಯಿಯ ಕೈಗೆ ಕೊಟ್ಟಳು. ಫರ್ಹೀನ್ ಕೆಲಸ ಶುರುಮಾಡಿದಳು. ರುಮಾನಾ ಅವಳು ಹೇಳಿದ ಕಡೆ ತಿರುಗಿದಳು, ಹೇಳಿದ ಕಡೆ ಕೂತಳು, ಬೇರೆ ಮಾತು ಏನೂ ಆಡಲಿಲ್ಲ. ಗೆಳತಿಯರು ಬಂದು ಸುತ್ತುವರಿದ ಮೇಲೆ ಮಾತ್ರ ನಕ್ಕಳು. ಹೋಗುವ ಮುಂಚೆ ಥ್ಯಾಂಕ್ ಯೂ ಎಂದಳು. ಹೆಸರು ಹಿಡಿಯಲಿಲ್ಲ, ಅಪಾ ಎಂತಲೂ ಅನ್ನಲಿಲ್ಲ.

ಎಲ್ಲರೂ ಹೋಗಿ, ಚೀಲಗಳೆಲ್ಲ ಖಾಲಿಯಾದ ಮೇಲೆ ಫರ್ಹೀನ್ ಸಾಮಾನುಗಳನ್ನು ಕಾರಿಗೆ ತುಂಬಿದಳು. ನಾಸಿರಾ ಮುಂದಿನ ಸೀಟಿನಲ್ಲಿ ಕೂತು ಚಪ್ಪಲಿ ಬಿಟ್ಟು ಕಾಲು ಚಾಚಿದರು. ಇಬ್ಬರೂ ಊಟ ಮಾಡಿರಲಿಲ್ಲ. ಫೋಟೋಗ್ರಾಫರಿಗೆಂದು ಇಟ್ಟ ಊಟವನ್ನು ಯಾರೋ ಎತ್ತಿಬಿಟ್ಟಿದ್ದರು, ಬಾಗಿಲಲ್ಲಿದ್ದವರನ್ನಂತೂ ಯಾರೂ ಕರೆದಿರಲಿಲ್ಲ. ಫರ್ಹೀನ್ ಹೆದ್ದಾರಿಯ ಪಕ್ಕದ ಅಂಗಡಿಯೊಂದರಲ್ಲಿ ನಿಲ್ಲಿಸಿ ಎರಡು ಮೀನಿನ ಸ್ಯಾಂಡ್‌ವಿಚ್, ಎರಡು ಚಹಾ ತಂದಳು. ಕಾರಿನಲ್ಲೇ ಕೂತು ತಿಂದರು. ಇದಕ್ಕೆ ಉಪ್ಪಿಲ್ಲ ಎಂದರು ನಾಸಿರಾ. ಫರ್ಹೀನ್ ಉಪ್ಪಿನ ಪೊಟ್ಟಣ ಹುಡುಕಿ ಕೊಟ್ಟಳು.

ಹೊಸ ಕೆಲಸಗಳು ತಾವಾಗಿ ಬರುವುದಿಲ್ಲ, ಚಳಿಗಾಲವೆಲ್ಲ ಕಷ್ಟವೇ ಎಂದು ಫರ್ಹೀನಳಿಗೆ ಗೊತ್ತಿತ್ತು. ಶಮೀಮ್ ಇನ್ನೂ ಫೋನು ಮಾಡಿರಲಿಲ್ಲ, ಅದು ನಾಸಿರಾಗೆ ಗೊತ್ತಿತ್ತು.

ಚಹಾ ಅರ್ಧ ಮುಗಿದಾಗ ನಾಸಿರಾ ಹೇಳಿದರು. “ಹಸಿರು ಕಣ್ಣಿನ ಒಬ್ಬಳು ಬಂದಿದ್ಲು, ಫ್ರ್ಯಾಂಕ್ಲಿನ್ ಪಾರ್ಕಿನೋಳು. ತಂಗಿ ಮದುವೆಯಂತೆ. ನೀವೂ ಬಂದು ಬಾಗಿಲಲ್ಲಿ ಕೂರೋದಾದ್ರೆ ನಿಮ್ಮ ಸೊಸೇನ ಕರೀತೀವಿ ಅಂದ್ಲು.”

ಫರ್ಹೀನ್ ಅವರ ಕಡೆ ತಿರುಗಿದಳು. “ನೀವೇನಂದ್ರಿ?”

“ಕೇಳಿ ಹೇಳ್ತೀನಿ ಅಂದೆ.”

“ಅಮ್ಮಿ, ಈ ಸೊಂಟ ಇಟ್ಕೊಂಡು ವಾರವಾರ ಹೀಗೆ ಕೂರೋಕಾಗುತ್ತಾ ನಿಮಗೆ?”

“ಸ್ಟೂಲ್ ಮೇಲೆ ಕೂರಿಸಿದ್ರೆ ಯಾರ ಸೊಂಟಾನೂ ಉಳಿಯಲ್ಲ,” ಎಂದು ನಾಸಿರಾ ರೇಗಿದರು. “ಮುಂದಿನ ಸಲ ಬೆನ್ನಿರೋ ಕುರ್ಚಿ ಹಾಕಿಸು.”